ಸೈಲೆನ್ಸರ್ ಕೊಯ್ದ ಕಾರಣ

ಉಸ್ತಾದರೇ,

ನಿಮ್ಮ ಚಂದ್ರ ಬರೆಯುತ್ತಿದ್ದೇನೆ, ಸೊರಬದಿಂದ. ನಾಲ್ಕು ವರ್ಷ ಮಾತು ಬಿಟ್ಟವನು ನಿಮ್ಮನ್ನು ಮಣ್ಣು ಮಾಡಿ ನಲವತ್ತು ದಿನವಾದ ಮೇಲೆ ಕಾಗದ ಬರೆಯುತ್ತಿದ್ದಾನೆ ಎಂದು ನಗಬೇಡಿ. ನಿನ್ನೆಯಿಂದ ನನ್ನ ತಲೆ ನೆಟ್ಟಗಿಲ್ಲ. ಇವತ್ತು ಬೆಳಿಗ್ಗೆ ಒಂದು ಜೀಪಿನ ಪ್ಲಗ್ ಬಿಚ್ಚಿದೆ, ಯಾಕೆ ಬಿಚ್ಚಿದೆನೆಂದು ತಿಳಿಯದೆ ಅದನ್ನೇ ಮತ್ತೆ ಹಾಕಿದೆ.

ನಿನ್ನೆ ನಿಮ್ಮ ನಲವತ್ತರ ಫಾತಿಹಾಕ್ಕೆಂದು ಶಿರಾಳಕೊಪ್ಪಕ್ಕೆ ಬಂದಿದ್ದೆ. ಸಿಟ್ಟು ಹೋಗಿತ್ತು ಅಂತಲ್ಲ, ಸತ್ತವರ ಮೇಲೆ ಎಂಥ ಹಟ ಎಂದು ಹೆಂಡತಿ ಬೈದು ಕಳಿಸಿದ್ದಳು. ಊಟವಾದ ಮೇಲೆ ನಿಮ್ಮ ಮನೆಯವರು, ನಾನು ಅಮ್ಮ ಎಂದೇ ಕರೆಯುವವರು, ಚಹಾ ಕೊಡುತ್ತಾ ಹೇಳಿದರು: "ಕೊನೇಗೆ ಕಿವಿ ಹತ್ರ ಕೂತು ಕೂಗಿದ್ರೂ ಕೇಳ್ತಿರ್ಲಿಲ್ಲಪ್ಪ. ಎಂಟು ವರ್ಷದಿಂದ ಹಂಗೇ ಇತ್ತಲ್ಲ." ನಾನು ಏನು ಎಂದೆ. ಅಮ್ಮ ನನ್ನ ಮುಖವನ್ನೇ ನೋಡಿದರು. "ನಿಂಗೂ ಹೇಳಿರ್ಲಿಲ್ವೇನೋ? ಕಿವುಡ ಮೇಸ್ತ್ರಿ ಹತ್ರ ಯಾರು ಗಾಡಿ ಬಿಡ್ತಾರೆ, ಬಾಯಿ ಮುಚ್ಕೊಂಡಿರು ಅಂತ ನಂಗೆ ಆಣೆ ಹಾಕಿದ್ರು." ಐದಾರು ವರ್ಷ ನಿಮ್ಮ ಜೊತೆ ಒಂದೇ ಬಾನೆಟ್ಟಿನ ಕೆಳಗೆ ತಲೆ ತೂರಿಸಿದವನು ನಾನು. ನನಗೆ ಗೊತ್ತಾಗಲಿಲ್ಲ ಎಂದರೆ ಯಾರು ನಂಬುತ್ತಾರೆ? ಚಹಾ ಕುಡಿದೆನೋ ಬಿಟ್ಟೆನೋ ನೆನಪಿಲ್ಲ.

ರೈಸ್ ಮಿಲ್ಲಿನ ಹಾಲಪ್ಪನವರು ಆ ಕಾರು ತಂದು ನಿಲ್ಲಿಸಿದ ದಿನ ನೆನಪಾಗುತ್ತಿದೆ. ಎರಡೇ ಸೀಟು, ಉದ್ದನೆ ಮೂತಿ, ದೇಶ ಬಿಟ್ಟು ಹೋದ ಯಾರೋ ತೋಟದ ದೊರೆಯಿಂದ ಕೊಂಡದ್ದು. "ಇದು ಓಟದ ಗಾಡಿ ರೀ ಸಾಬ್ರೆ, ಇದರ ದಮ್ಮು ಹೊರಗೆ ತೆಗೀರಿ," ಎಂದರು. ನೀವು ಇಂಜಿನ್ ಚಾಲೂ ಮಾಡಿಸಿ, ಹಿಂದೆ ಕುಕ್ಕರುಗಾಲಲ್ಲಿ ಕೂತು, ಹೊಗೆ ಕೊಳವೆಯ ಬಾಯಿಗೆ ಅಂಗೈ ಒಡ್ಡಿದಿರಿ. ಮರುದಿನ ಸೈಲೆನ್ಸರ್ ಕೊಯ್ದು ನೇರ ಕೊಳವೆ ಕೂರಿಸಿಯಾಗಿತ್ತು. ಸಂತೆಗೆ ಬಂದ ಎತ್ತುಗಳು ಹಗ್ಗ ಹರಿದುಕೊಂಡವು. ಹಾಲಪ್ಪನವರಿಗೋ ಖುಷಿಯೋ ಖುಷಿ. "ಇಲ್ಲಿ ಸ್ಟಾರ್ಟ್ ಮಾಡಿದ್ರೆ ಸೊರಬದಲ್ಲಿ ನಮ್ಮ ಬೀಗ್ರು ಕಾಫಿಗೆ ನೀರು ಇಡ್ಬೇಕು, ಹಂಗೈತಿ." ಹೊಗೆ ಸಲೀಸಾಗಿ ಹೋದರೆ ಇಂಜಿನ್ ಚೆನ್ನಾಗಿ ಉಸಿರಾಡುತ್ತದೆ, ವೇಗ ಬರುತ್ತದೆ ಎಂದು ನಾವೆಲ್ಲ ತಲೆದೂಗಿದೆವು. ಸ್ವಲ್ಪ ಬಂದದ್ದೂ ನಿಜ. ಆದರೆ ನೀವು ಕೊಯ್ದದ್ದು ಅದಕ್ಕಲ್ಲ, ಅಲ್ಲವೇ? ಅಮ್ಮ ನಿನ್ನೆ ಅದನ್ನೂ ಹೇಳಿದರು. "ಆ ಡಬ್ಬಿ ಇದ್ರೆ ಹೊಗೆ ಒಂದೇ ಸಮ ಬರುತ್ತೆ, ಒಂದೊಂದು ಸಿಲಿಂಡರಿನ ಹೊಡೆತ ಕೈಗೆ ಬೇರೆ ಬೇರೆ ಸಿಗಲ್ಲ ಅಂತಿದ್ರು." ನೀವು ಕೇಳುತ್ತಿದ್ದದ್ದು ಅಂಗೈಯಿಂದ.

ಆಮೇಲೆ ಆ ಸ್ಕ್ರೂಡ್ರೈವರ್. ತುದಿಯನ್ನು ಇಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ, ಅದುರು ಹಲ್ಲಿಗೆ ಬರುವುದನ್ನು ಕಾಯುತ್ತಾ ನಿಲ್ಲುತ್ತಿದ್ದಿರಿ. ಇದೇ ಉಸ್ತಾದರ ಗುಟ್ಟು ಎಂದು ನಾನೂ ಕಚ್ಚಿದೆ, ಮುಂದಿನ ಹಲ್ಲಿನ ಮೂಲೆ ಮುಕ್ಕಾಯಿತು. ಸೊರಬಕ್ಕೆ ಬಂದು ನನ್ನ ಕೆಲಸಗಾರರಿಗೂ ಅದನ್ನೇ ಕಲಿಸಿದೆ. ಶಿಕಾರಿಪುರದವರು ನನ್ನನ್ನು ನೋಡಿ ಶುರು ಮಾಡಿದರು. ಕಿವಿ ನೆಟ್ಟಗೆ ಕೇಳುವ ಮೇಸ್ತ್ರಿಗಳು ಮೂರು ಊರಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡು, ಕಂಡವರ ಸೈಲೆನ್ಸರ್ ಕೊಯ್ಯುತ್ತಾ ಕೂತಿದ್ದೇವೆ. ನಗು ಬರುತ್ತದೆ.

ಮಾತಾಡುವಾಗ ಬೆನ್ನು ಹಾಕಿದರೆ ನೀವು ರೇಗುತ್ತಿದ್ದದ್ದೂ ಈಗ... "ಎದುರಿಗೆ ನಿಂತು ಮಾತಾಡು, ಅದು ಮರ್ಯಾದೆ," ಎನ್ನುತ್ತಿದ್ದಿರಿ. ನಾವು ಅದನ್ನು ಮರ್ಯಾದೆ ಎಂದೇ ನಂಬಿದ್ದೆವು, ನೀವು ನೋಡುತ್ತಿದ್ದದ್ದು ನಮ್ಮ ತುಟಿ.

ಹಾಲಪ್ಪನವರ ಕಾರಿನ ಹೆಡ್ ಅರೆಸಿ ಕೂರಿಸಿದ ಮೇಲೆ, ಪ್ಲಗ್ಗಿನ ಕಿಡಿಯ ಟೈಮಿಂಗ್ ಇಡುವ ಕೆಲಸವನ್ನು ಮೊದಲ ಸಲ ನನಗೆ ಬಿಟ್ಟಿರಿ. ಹುರುಪಿನಲ್ಲಿ ನಾನು ಕಿಡಿ ಬೇಗ ಹಾರುವಂತೆ ಒಂಚೂರು ಮುಂದಕ್ಕೆ ಇಟ್ಟೆ. ಅಂಬ್ಲಿಗೊಳದ ದಾರಿಯಲ್ಲಿ ಓಡಿಸಿ ನೋಡಲು ಹೋದೆವು. ನಾನು ಸ್ಟೀರಿಂಗ್ ಹಿಡಿದಿದ್ದೆ, ನೀವು ಪಕ್ಕದಲ್ಲಿ. ಏರು ಹತ್ತುವಾಗ ಡಬ್ಬಿಯಲ್ಲಿ ಕಡಲೆ ಅಲ್ಲಾಡಿಸಿದ ಹಾಗೆ ಒಳಗಿಂದ ಟಕಟಕ ಬಂತು. ನಿಮ್ಮ ಮುಖ ನೋಡಿದೆ. ನೀವು ನಗುತ್ತಾ, "ಚೆನ್ನಾಗಿ ಎಳೀತಿದೆ, ಇನ್ನೂ ತುಳಿ," ಎಂದಿರಿ. ಉಸ್ತಾದರೇ ಸರಿ ಎಂದ ಮೇಲೆ ನನ್ನದೇನು? ತುಳಿದೆ. ಮೂರನೇ ದಿನ, ಬೀಗರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಲಪ್ಪನವರು ಹೊರಟಿದ್ದಾಗ ಪಿಸ್ಟನ್ ತೂತಾಗಿ, ಕಾರನ್ನು ಎತ್ತು ಕಟ್ಟಿ ಎಳೆದು ತಂದರು.

ಅಂಗಡಿ ಮುಂದೆ ಅರ್ಧ ಪೇಟೆ ನಿಂತಿತ್ತು. ನೀವು ಪಿಸ್ಟನ್ ಕೈಗೆ ತೆಗೆದುಕೊಂಡು, ಎಲ್ಲರ ಎದುರು ನನ್ನನ್ನು ಕೇಳಿದಿರಿ: "ಒಳಗೆ ಟಕಟಕ ಹೊಡೆತ ಬಂದಿರ್ಬೇಕಲ್ಲೋ. ಅವತ್ತು ಯಾಕೆ ಹೇಳ್ಲಿಲ್ಲ?" ನನ್ನ ಮೈ ಉರಿದುಹೋಯಿತು. ಪಕ್ಕದಲ್ಲೇ ಕೂತು ಕೇಳಿಸಿಕೊಂಡು, ಸರಿಯಿದೆ ಎಂದು ತುಳಿಸಿ, ಈಗ ತಪ್ಪನ್ನು ನನ್ನ ತಲೆಗೆ ಕಟ್ಟುತ್ತಿದ್ದಾರೆ ಎಂದುಕೊಂಡೆ. ಸ್ಪ್ಯಾನರ್ ಕೆಳಗಿಟ್ಟು ಹೊರಟವನು ತಿರುಗಿ ನೋಡಲಿಲ್ಲ. ಸೊರಬದಲ್ಲಿ ಕಂಡಕಂಡವರ ಹತ್ತಿರ ನಿಮ್ಮನ್ನು ಮೋಸಗಾರ ಎಂದೆ. ಆ ಪ್ರಶ್ನೆಯನ್ನು ನೀವು ಟಕಟಕ ಕಿವಿಗೆ ಬೀಳದೆ, ನಿಜವಾಗಿಯೇ ಕೇಳಿದ್ದಿರಿ ಎಂದು ತಿಳಿಯಲು ನನಗೆ ನಾಲ್ಕು ವರ್ಷ ಬೇಕಾಯಿತು. ಒಂದೇ ಒಂದು ಮಾತು ಹೇಳಬಾರದಿತ್ತೇ ಉಸ್ತಾದ್? ನಿಮ್ಮ ಕಿವಿಯಾಗಿ ನಾನು ಇರುತ್ತಿರಲಿಲ್ಲವೇ?

ಹೋದ ಚಳಿಗಾಲದಲ್ಲಿ ನೀವು ಸೊರಬಕ್ಕೆ, ನನ್ನ ಅಂಗಡಿಗೆ ಬಂದಿರಿ. ನಾನು ಲಾರಿಯ ಕೆಳಗೆ ಗುಂಡಿಯಲ್ಲಿದ್ದೆ, ಬಿಚ್ಚಿದ ಗೇರ್‌ಬಾಕ್ಸ್ ಎದೆಯ ಮೇಲಿತ್ತು. ನಿಮ್ಮ ಕಾಲು ಕಂಡಿತು, ಉಗುರು ಹೋದ ಆ ಹೆಬ್ಬೆರಳು. ಸಿಟ್ಟೆಲ್ಲ ಎಲ್ಲಿ ಹೋಯಿತೋ. ಸ್ವಲ್ಪ ಹೊತ್ತು ನಿಂತಿರಿ, ಆಮೇಲೆ ಆ ಕಾಲು ತಿರುಗಿ ಹೊರಟೇ ಹೋಯಿತು. ನಾನು ಮೇಲೆ ಬರುವಷ್ಟರಲ್ಲಿ ಬಸ್ಸು ಹೊರಟಿತ್ತು. ಇಷ್ಟು ಸೊಕ್ಕೇ ಎಂದು ನನ್ನ ಸಿಟ್ಟು ಎರಡರಷ್ಟಾಯಿತು. ಅವತ್ತು ಮನೆಗೆ ಹೋಗಿ ನೀವು ಊಟ ಮಾಡಲಿಲ್ಲವಂತೆ, ಅಮ್ಮ ನಿನ್ನೆ ಹೇಳಿದರು. "ಚಂದ್ರ ಒಂದು ಮಾತೂ ಆಡ್ಲಿಲ್ಲ, ಇನ್ನೂ ಕೋಪ ಇದೆ," ಎಂದಿರಂತೆ.

ಆಡಿದ್ದೆ ಉಸ್ತಾದ್. "ಕೂತ್ಕೊಳ್ಳಿ, ಇದನ್ನ ಇಳಿಸಿ ಬಂದೆ, ಹೋಗ್ಬೇಡಿ," ಅಂತ ಎರಡು ಸಲ ಕೂಗಿ ಹೇಳಿದ್ದೆ.