ಹನ್ನೆರಡು ಹುಣಸೆ ಬೀಜ

ಅತ್ತೆ,

ನಿನಗೆ ಓದಲು ಬಾರದು. ಆದರೂ ಬರೆಯುತ್ತಿದ್ದೇನೆ. ಅಪ್ಪ ನಿನಗಿಂತ ಮೊದಲೇ ಅಲ್ಲಿಗೆ ಹೋಗಿದ್ದಾನಲ್ಲ, ನಿನ್ನ ಅಣ್ಣನ ಕೈಯಲ್ಲೇ ಓದಿಸಿಕೋ. ನಡುನಡುವೆ ತನ್ನದೇ ಮಾತು ಸೇರಿಸಿ ಓದುತ್ತಾನೆ, ಅಷ್ಟು ಎಚ್ಚರವಿರಲಿ. ನೀನು ಹೋದ ಹದಿನೇಳನೆಯ ದಿನಕ್ಕೆ ನಿನ್ನ ಹೆಸರಿಗೆ ಒಂದು ಕವರು ಬಂತು. ಅದರಲ್ಲಿ ಏನಿತ್ತು, ಆಮೇಲೆ ಏನಾಯಿತು ಎಂಬುದನ್ನು ನಿನಗಲ್ಲದೆ ಯಾರಿಗೆ ಹೇಳಲಿ? ಆದರೆ ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಸೇರಿಸಿ.

ಬೇಸಿಗೆ ರಜೆಗೆ ನಿಮ್ಮೂರಿಗೆ ಬಂದಾಗಲೆಲ್ಲ ನಾನು ಸಂಜೆಗೆ ಕಾಯುತ್ತಿದ್ದೆ. ಹೂಗ್ಯಂ ದಾಟಿ ಬಸ್ಸು ನಿಲ್ಲುವ ಕೊನೆಯ ಊರು ಅದು, ಹಿಂದೆ ಬೋಳುಬೆಟ್ಟ. ಆಡುಗಳು ಇಳಿದು ಬಂದಾಗ ನೀನು ದೊಡ್ಡಿಯ ಬಾಗಿಲಲ್ಲಿ ಸೆರಗು ಸಿಕ್ಕಿಸಿ ನಿಲ್ಲುತ್ತಿದ್ದೆ. ಒಂದೊಂದನ್ನೇ ಒಳಗೆ ಬಿಡುವಾಗ ಅದರ ಬೆನ್ನಿಗೆ ನಿನ್ನ ಅಂಗೈ ತಾಕಬೇಕು. ತಾಕದೆ ನುಗ್ಗಿದ್ದನ್ನು ಕಿವಿ ಹಿಡಿದು ಹೊರಗೆಳೆದು ಮತ್ತೆ ಒಳಗೆ ಬಿಡುತ್ತಿದ್ದೆ. ನಿನ್ನ ಮಗ ಮಾದೇವ ಗೋಡೆ ಮೇಲೆ ಕೂತು ನಗುತ್ತಿದ್ದ. "ಅವ್ವ, ಬೆಳಿಗ್ಗೆ ಎಣಿಸ್ದಲ್ಲ, ಅವೇನು ಅಷ್ಟರೊಳ್ಗೆ ಮರಿ ಆಕ್ಬುಟ್ಟವಾ?" ನೀನು ತಿರುಗಿಯೂ ನೋಡದೆ ಹೇಳಿದ ಮಾತು ನನಗೆ ಇವತ್ತಿಗೂ ಬಾಯಿಪಾಠ. "ಎಣಿಸ್ದೋರ್ಗೆ ಕಳ್ದಿದ್ದಾದ್ರೂ ಗೊತ್ತಾಯ್ತದ ಕಣ್ಲಾ. ಎಣಿಸ್ದೆ ಇರೋರ್ಗೆ ಇದ್ದದ್ದೂ ಗೊತ್ತಾಗಕಿಲ್ಲ."

ಬೋಳುಬೆಟ್ಟದ ಮೇಲೆ ಸೇನೆಯ ಫಿರಂಗಿ ತಾಲೀಮು ನಡೆದ ಆ ನಾಲ್ಕು ದಿನ ನಾನು ಅಲ್ಲಿರಲಿಲ್ಲ, ಯಳಂದೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಮೈಕಿನಲ್ಲಿ ಸಾರಿ ಹೋದರಂತೆ, ಬೆಟ್ಟದ ಕಡೆ ಯಾರೂ ಹೋಗಕೂಡದು ಎಂದು. ಊರವರು ಕಿವಿಗೆ ಹತ್ತಿ ತುರುಕಿಕೊಂಡರು. ನೀನು ಊರ ಮುಂದಿನ ಹುಣಸೆ ಮರದ ಕೆಳಗೆ ಎರಡು ಕುಡಿಕೆ ಇಟ್ಟುಕೊಂಡು ಕೂತೆ. ಆಮೇಲೆ ನೀನೇ ವಿವರಿಸಿದೆಯಲ್ಲ... ಪ್ರತಿ ಗುಂಡಿಗೂ ಮೂರು ಸದ್ದು. ಹೊರಡುವ ಸದ್ದು, ತಲೆ ಮೇಲೆ ಹೋಗುವ ಸದ್ದು, ಬಿದ್ದು ಸಿಡಿಯುವ ಸದ್ದು. ಮೂರೂ ಕೇಳಿದರೆ ಒಂದು ಕುಡಿಕೆಗೆ ಕಲ್ಲು. ಎರಡೇ ಕೇಳಿ ಮೂರನೆಯದು ಬರದಿದ್ದರೆ ಇನ್ನೊಂದಕ್ಕೆ ಹುಣಸೆ ಬೀಜ. ಕಲ್ಲಿನ ಕುಡಿಕೆ ತುಂಬಿ ಹೊರಚೆಲ್ಲಿತು. ಬೀಜ ಹನ್ನೆರಡು. ಯಾರು ಹೇಳಿಕೊಟ್ಟರು ನಿನಗೆ ಇದನ್ನು? ಯಾರೂ ಇಲ್ಲ. ಹೋದದ್ದು ಬಂತೋ ಇಲ್ಲವೋ ಎಂದು ನೋಡುವುದು ನಿನಗೆ ಅಭ್ಯಾಸ, ಅಷ್ಟೆ.

ತಾಲೀಮು ಮುಗಿದ ಮರುದಿನ ಸೈನಿಕರು ಬೆಟ್ಟವನ್ನು ಜಾಲಾಡಿದರು. ಸಿಡಿಯದೆ ಉಳಿದವುಗಳಲ್ಲಿ ಸಿಕ್ಕಿದ್ದನ್ನೆಲ್ಲ ಒಂದು ಗುಂಡಿಯಲ್ಲಿಟ್ಟು ಒಂದೇ ಸಲ ಸಿಡಿಸಿದರು. ಒಂದೇ ಸದ್ದು. ನಿನ್ನ ಕಿವಿ ಸೋತದ್ದು ಅಲ್ಲಿ ಮಾತ್ರ. ಆ ಒಂದು ಸದ್ದಿನೊಳಗೆ ಎಷ್ಟಿದ್ದವು? ಇನ್ನು ಹೋಗಬಹುದು ಎಂದು ಹೇಳಿ ಅವರು ಲಾರಿ ಹತ್ತಿದರು. ತಿಂಗಳು ಕಳೆಯುವ ಮುಂಚೆ ಪಕ್ಕದ ಮನೆಯ ದೊಡ್ಡತಾಯಮ್ಮನ ಮೂರು ಆಡು ಬೆಟ್ಟದ ಬೆನ್ನಿನಲ್ಲಿ ಚೂರಾದವು. ಹಿಂದೆಯೇ ಇದ್ದ ಅವಳ ಎಡಗಿವಿ ಹೋಯಿತು, ಕಾಲು ಇವತ್ತಿಗೂ ಎಳೆದುಕೊಂಡೇ ನಡೆಯುತ್ತಾಳೆ. ಆ ಸಂಜೆ ನೀನು ಕುಡಿಕೆಯಿಂದ ಒಂದು ಬೀಜ ತೆಗೆದು ಒಲೆಗೆ ಹಾಕಿದೆಯಂತೆ. ಉಳಿದದ್ದು ಹನ್ನೊಂದು. ಅವತ್ತಿನಿಂದ ಊರಿಗೆ ಬೆಟ್ಟವಿಲ್ಲ, ಆಡಿಗೆ ಮೇವಿಲ್ಲ.

ಆ ಹನ್ನೊಂದು ಬೀಜವನ್ನು ಎಲೆಅಡಿಕೆ ಚೀಲದಲ್ಲಿ ಹಾಕಿಕೊಂಡು ನೀನು ಹನೂರಿನಲ್ಲಿ ಬಸ್ಸು ಬದಲಿಸಿ ಕೊಳ್ಳೇಗಾಲದ ನನ್ನ ಮನೆಗೆ ಬಂದ ದಿನ ನೆನಪಿದೆಯೇ? "ಎಮ್ಮೆ ಓದಿದ್ದೀಯಂತಲ್ಲ, ಒಂದ್ ಕಾಗ್ಜ ಬರಿಯವ್ವ" ಎಂದೆ. "ಎಮ್ಮೆ ಅಲ್ಲ ಅತ್ತೆ, ಎಂ.ಎ." ಎಂದರೆ, "ಅದೇ ಕಣವ್ವ, ಆಲು ಕರೀತದೋ ಇಲ್ವೋ ನೋಡ್ಮ" ಎಂದು ನಕ್ಕೆ. ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಸರ್ಕಾರ ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು ಎಂದಾಗ ನೀನು ಬೆರಳು ಮಡಚಿ ದಿನ ಎಣಿಸಲು ಶುರು ಮಾಡಿಯಾಗಿತ್ತು.

ನನ್ನ ಮೊದಲ ಅರ್ಜಿಯನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಮೂರು ಪುಟ. ತಾಲೀಮಿಗೆ ನಮ್ಮ ಬೆಟ್ಟವೇ ಏಕೆ? ಯಾವ ಫಿರಂಗಿ, ಅದರ ಗುಂಡು ಎಷ್ಟು ದೂರ ಹೋಗುತ್ತದೆ, ಯಾವ ತುಕಡಿ? ಬಡವರ ಮೇವಿನ ನೆಲಕ್ಕೆ ಬೆಲೆಯಿಲ್ಲವೇ? ಬರೆದು ನಾನೇ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ, ಚೆನ್ನಾಗಿದೆ ಎನಿಸಿತು. ನೀನು ಹೆಬ್ಬೆಟ್ಟು ಒತ್ತಿದೆ. ಉತ್ತರ ಇಪ್ಪತ್ತೆಂಟನೆಯ ದಿನ ಬಂತು. ದೇಶದ ಭದ್ರತೆಗೆ ಸಂಬಂಧಿಸಿದ್ದು, ಕೊಡಲಾಗದು. 'ಏಕೆ' ಎಂಬ ಪ್ರಶ್ನೆಗಳು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ. ನಾನು ಸಿಟ್ಟಿನಿಂದ ಓದಿದೆ. ನೀನು ಕವರನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, "ತೆಳ್ಳಗಿರೋವಾಗ್ಲೇ ಅಂದ್ಕಂಡೆ, ಇಲ್ಲ ಅಂತ ಬರ್ದವ್ರೆ" ಎಂದೆ. ಆಮೇಲೆ ನೀನು ನನ್ನ ಅರ್ಜಿಯನ್ನು ಮೊದಲ ಬಾರಿಗೆ ಪೂರ್ತಿ ಓದಿಸಿಕೊಂಡೆ.

"ಅಯ್ಯೋ ಮಗ, ನೀನು ಅವ್ರ ತುಪಾಕಿ ಕೇಳಿದ್ದೀಯ. ಅವ್ರ ತುಪಾಕಿ ನಂಗ್ಯಾಕವ್ವ? ಕಳ್ಳನ್ ಕೈಗೆ ಸಿಕ್ಬಾರ್ದು ಅಂತ ಅವ್ರು ಮಡಗಿರ್ತಾರೆ, ಮಡೀಕಳ್ಲಿ. ಆ ಗುಂಡೀಲಿ ಎಷ್ಟಿದ್ವು ಅಂತ ಕೇಳು. ಅಷ್ಟೇ ಕೇಳು."

"ಏಕೆ ಅಂತ ಕೇಳೋದು ಬೇಡವೇ ಅತ್ತೆ?"

"ಯಾಕೆ ಅಂದ್ರೆ ಕತೆ ಏಳ್ತಾರೆ. ಎಷ್ಟು ಅಂದ್ರೆ ಏಳ್ಲೇಬೇಕಲ್ಲ."

ಇಷ್ಟು ವರ್ಷ ಕವಿತೆ ಓದಿದವಳು ನಾನು. ಕವಿತೆಯಲ್ಲಿ ಪ್ರಶ್ನೆಗೆ ಉತ್ತರ ಬರಬೇಕಿಲ್ಲ, ಪ್ರಶ್ನೆ ಹಾಗೆಯೇ ಉಳಿದರೆ ಚೆಂದ. ಉತ್ತರ ಬಂದೇ ತೀರಬೇಕಾದ ಪ್ರಶ್ನೆಯನ್ನು ಹೇಗೆ ಕಟ್ಟಬೇಕೆಂದು ನನಗೆ ಯಾವ ತರಗತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಎರಡನೆಯ ಅರ್ಜಿ ಒಂದೇ ಸಾಲು. ಬೋಳುಬೆಟ್ಟದ ತಾಲೀಮಿನ ನಂತರ ಹುಡುಕಿ ನಾಶಪಡಿಸಿದ ಸಿಡಿಯದ ಗುಂಡುಗಳ ಸಂಖ್ಯೆ, ಮತ್ತು ಆ ಸಂಖ್ಯೆ ಬರೆದಿರುವ ಪುಟದ ಪ್ರತಿ. ಅದಕ್ಕೂ ಇಲ್ಲ ಎಂದರು. ಮೇಲ್ಮನವಿ ಹಾಕಿದೆವು. ಅಲ್ಲೂ ಇಲ್ಲ. ದಿಲ್ಲಿಯ ಆಯೋಗಕ್ಕೆ ಎರಡನೆಯ ಮೇಲ್ಮನವಿ ಹಾಕಿ ಒಂದು ವರ್ಷದ ಮೇಲೆ ವಿಚಾರಣೆ ಬಂತು. ಆ ಒಂದು ವರ್ಷದಲ್ಲಿ ನಾನು ಎಷ್ಟು ಸಲ ಬಿಟ್ಟುಬಿಡೋಣ ಎಂದಿರಬಹುದು? ನೀನು ಒಂದು ಸಲವೂ ಇಲ್ಲ. ತಿಂಗಳಿಗೊಮ್ಮೆ ಬಂದು, ಕಾಫಿ ಕುಡಿದು, "ಬಂತಾ?" ಎಂದು ಕೇಳಿ ಹೊರಟುಬಿಡುತ್ತಿದ್ದೆ.

ವಿಡಿಯೋದಲ್ಲಿ ವಿಚಾರಣೆ ನಡೆದ ಚಾಮರಾಜನಗರದ ಆ ತಣ್ಣನೆಯ ಕೋಣೆಯನ್ನು ಮರೆಯುವುದುಂಟೇ? ಒಡೆಯರಪಾಳ್ಯದ ಟಿಬೆಟಿನವರ ಅಂಗಡಿಯಲ್ಲಿ ಕೊಂಡ ಕೆಂಪು ಸ್ವೆಟರ್ ಹಾಕಿಕೊಂಡು ನೀನು ಟಿವಿಯ ಮುಂದೆ ನೆಟ್ಟಗೆ ಕೂತಿದ್ದೆ. ಟಿವಿಯ ಅರ್ಧದಲ್ಲಿ ದಿಲ್ಲಿಯ ಆಯುಕ್ತರು, ಇನ್ನರ್ಧದಲ್ಲಿ ಒಬ್ಬ ಎಳೆಯ ಸೇನಾಧಿಕಾರಿ. ಅವರು ಹಿಂದಿ, ಇಂಗ್ಲಿಷ್ ಆಡಿದ್ದನ್ನು ನಿನಗೆ, ನೀನು ಆಡಿದ್ದನ್ನು ಅವರಿಗೆ ದಾಟಿಸುವುದು ನನ್ನ ಕೆಲಸ. "ಏನಪ್ಪಾ, ನಮ್ ಮಕ್ಳಂಗೇ ಇದ್ದೀಯ. ಉಣ್ಣಕ್ಕೆ ಕೂತಾಗ ಒಂದ್ ಅಗ್ಳು ಕೆಳಗ್ ಬಿದ್ರೆ ಎತ್ಕತೀವಿ. ಇದ್ನ ಬುಟ್ಟೋದ್ರೆ ಎಂಗೆ?" ಎಂದೆ. ನಾನು ಅದನ್ನು ಸುತ್ತಿ, "ಅರ್ಜಿದಾರರು ಸುರಕ್ಷತೆಯ ಬಗ್ಗೆ ಕಳವಳ ವ್ಯಕ್ತಪಡಿಸುತ್ತಿದ್ದಾರೆ" ಎಂದು ಹೇಳಿ ಮುಗಿಸಿದೆ. ನೀನು ನನ್ನನ್ನು ದುರುಗುಟ್ಟಿ ನೋಡಿದೆ. "ನಾನ್ ಅಷ್ಟುದ್ದ ಏಳ್ದೆ, ನೀನ್ ಇಷ್ಟಕ್ಕೇ ನಿಲ್ಸ್ದೆ. ಅನ್ನದ್ ಅಗ್ಳು ಎಲ್ಲೋಯ್ತು?" ಅಗುಳನ್ನೂ ಅನುವಾದಿಸಿದೆ. ಆ ಅಧಿಕಾರಿ ತಲೆ ತಗ್ಗಿಸಿದ.

ಮೇಲ್ಮನವಿಯಲ್ಲಿ ಹೇಳಿರುವ ಹನ್ನೊಂದು ಈಕೆಗೆ ಹೇಗೆ ಗೊತ್ತು ಎಂದು ಆಯುಕ್ತರು ಕೇಳಿದಾಗ ನೀನು ಚೀಲ ಬಿಚ್ಚಿ ಬೀಜಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಮೂರು ಸದ್ದನ್ನೂ ಬಾಯಲ್ಲಿ ಮಾಡಿ ತೋರಿಸಿದೆ. ಮೂರನೆಯ ಸದ್ದಿಗೆ ಬಾಗಿಲಾಚೆಯ ಜವಾನ ಒಳಗೆ ಇಣುಕಿದ. ಆಮೇಲೆ ಎರಡೇ ಸದ್ದು ಮಾಡಿ, ಸುಮ್ಮನೆ ಕೂತು, ಒಂದು ಬೀಜ ಮುಂದೆ ತಳ್ಳಿದೆ. ಫಿರಂಗಿಯ ವಿವರ ಬೇಡ, ಆ ಸಂಖ್ಯೆ ಕೊಡಲು ತೊಂದರೆ ಏನು ಎಂದು ಆಯುಕ್ತರು ಕೇಳಿದರು. ತನ್ನ ಕಡೆಯಿಂದ ತೊಂದರೆ ಇಲ್ಲ ಎಂದು ಅಧಿಕಾರಿ ಮೆಲ್ಲಗೆ ಹೇಳಿದ. ಎಂಟು ವಾರದೊಳಗೆ ಕೊಡಬೇಕೆಂದು ಆದೇಶವಾಯಿತು. ಹೊರಗೆ ಬಂದು ನೀನು ಹೇಳಿದ್ದು, "ಎಲ್ಲಾ ಸಿಕ್ಕುದ್ ದಿನ ಈ ಬೀಜ ಉರ್ಕಂಡು ತಿನ್ನಾಣ. ನನ್ ಬಾಯಲ್ಲಿ ಒಂದಲ್ಲೂ ಇಲ್ಲ, ನೀನೇ ಅಗ್ದು ಕೊಡ್ಬೇಕು."

ಅದಾಗಿ ಐದನೆಯ ವಾರ ನಿನಗೆ ಜ್ವರ. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ನಾಲ್ಕು ದಿನ. ಕಣ್ಣು ಬಿಟ್ಟಾಗಲೆಲ್ಲ "ಬಂತಾ?" ಎಂದು ಕೇಳಿದೆ. ಬಂತು ಎಂದು ಸುಳ್ಳು ಹೇಳಲೇ ಎಂದುಕೊಂಡೆ. ಆದರೆ ಎಷ್ಟು ಎಂದು ಕೇಳುತ್ತಿದ್ದೆಯಲ್ಲ ನೀನು...

ಕವರು ಬಂದ ದಿನ ಅಂಚೆಯವನು ನಿನ್ನ ಹೆಸರು ಕೂಗಿದ. ನಿನ್ನ ಹಾಗೆಯೇ ಒತ್ತಿ ನೋಡಿದೆ, ತೆಳ್ಳಗಿತ್ತು. ಒಳಗೆ ಒಂದೇ ಹಾಳೆ, ಅದರಲ್ಲಿ ಒಂದೇ ಸಂಖ್ಯೆ. ಒಂಬತ್ತು.

ಅಂದೇ ನಿಮ್ಮೂರಿಗೆ ಹೋದೆ. ಜಗಲಿಯ ಮೇಲೆ ಹನ್ನೊಂದು ಬೀಜ ಇಟ್ಟು ಒಂಬತ್ತನ್ನು ಪಕ್ಕಕ್ಕೆ ಸರಿಸಿದೆ. ಮಾದೇವ ಉಳಿದ ಎರಡನ್ನು ನೋಡುತ್ತ ಕೂತ. ಮೇವಿಲ್ಲದೆ ಅರ್ಧ ಆಡು ಮಾರಿಬಿಟ್ಟಿದ್ದ ಅವನು. "ಅವ್ವನೇ ಎರಡು ಜಾಸ್ತಿ ಆಕಿರ್ಬೇಕು ಬುಡಕ್ಕ. ವಯಸ್ಸಾಗಿತ್ತು. ನಾಳೆಯಿಂದ ಆಡ್ನ ಬೆಟ್ಟಕ್ಕೆ ಒಡೀತೀನಿ" ಎಂದ. ಅವನ ಮೇಲೆ ಕೋಪ ಬರಲಿಲ್ಲ ಅತ್ತೆ. ನಿಜ ಹೇಳಲೇ? ಒಂದು ಕ್ಷಣ ನಾನೂ ಹಾಗೆಯೇ ಯೋಚಿಸಿದೆ. ಸರ್ಕಾರದ ಹಾಳೆ ಒಂದು ಕಡೆ, ಹುಣಸೆ ಬೀಜ ಒಂದು ಕಡೆ. ಓದಿದವಳ ಕಣ್ಣು ಹಾಳೆಯ ಕಡೆಗೇ ಹೋಯಿತು. ಆಗ ಕಾಲೆಳೆದುಕೊಂಡು ಬಂದ ದೊಡ್ಡತಾಯಮ್ಮ, ಒಳ್ಳೆಯ ಕಿವಿಯನ್ನು ನಮ್ಮ ಕಡೆ ತಿರುಗಿಸಿ, ವಿಷಯ ಕೇಳಿಕೊಂಡು, ಅವನಿಗೆ ಹೇಳಿದಳು. "ಲೇ, ನಿಮ್ಮವ್ವ ದೊಡ್ಡಿ ಬಾಗ್ಲಲ್ಲಿ ಒಂದಿನಾನಾರ ತಪ್ಪಿದ್ಳಾ? ಅವತ್ತೇ ತಪ್ಪಕ್ಕೆ ಅವ್ಳೇನು ಗೌರ್ಮೆಂಟಾ? ಓಗ್ಲಾ ಬೆಟ್ಟಕ್ಕೆ, ಓಗು. ನನ್ ಕಾಲ್ ನೋಡ್ಕಂಡು ಓಗು."

ಅವನು ಹೋಗಲಿಲ್ಲ. ಆ ವಾರವೇ ನಾನು ಸೇನೆಯ ಆ ಕಚೇರಿಗೆ ಬರೆದೆ. ನಿಮ್ಮ ಲೆಕ್ಕ ಒಂಬತ್ತು, ನಮ್ಮದು ಹನ್ನೊಂದು, ದಯವಿಟ್ಟು ಮತ್ತೊಮ್ಮೆ ಹುಡುಕಿ. ಏಕೆ, ಹೇಗೆ, ಯಾರು ಎಂದು ಏನೂ ಇಲ್ಲ. ನಂಬುತ್ತೀಯಾ? ಬಂದರು. ಅದೇ ಎಳೆಯ ಅಧಿಕಾರಿ ಜೊತೆಗೆ ಬಂದಿದ್ದ. ಮನೆ ಹುಡುಕಿಕೊಂಡು ಬಂದು, ನೀನಿಲ್ಲ ಎಂದು ತಿಳಿದು, ಟೋಪಿ ತೆಗೆದು ದೊಡ್ಡಿಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದ. ಮೂರನೆಯ ದಿನ ಬೆಟ್ಟದ ಆಚೆ ಮಗ್ಗುಲಲ್ಲಿ, ಕಳ್ಳಿ ಪೊದೆಯ ಬುಡದಲ್ಲಿ, ಮೊಣಕೈಯುದ್ದ ಮಣ್ಣೊಳಗೆ ಒಂದು ಸಿಕ್ಕಿತು, ಅಲ್ಲೇ ಸಿಡಿಸಿದರು. ಊರೆಲ್ಲ ಹುಣಸೆ ಮರದ ಕೆಳಗೆ ನಿಂತು ಆ ಸದ್ದು ಕೇಳಿದೆವು. ನೀನು ಇಷ್ಟು ವರ್ಷ ಕಾದ ಮೂರನೆಯ ಸದ್ದು.

ಸಂಜೆ ದೊಡ್ಡತಾಯಮ್ಮ ಹಂಚು ಕಾಯಿಸಿದಳು. ಸಿಕ್ಕವುಗಳ ಬೀಜ ಹತ್ತನ್ನೂ ಹುರಿದೆವು. ನಿನ್ನ ಪಾಲಿನದನ್ನು ನಾನೇ ಅಗಿದೆ. ಗಟ್ಟಿಯಾಗಿತ್ತು ಅತ್ತೆ, ಸುಲಭಕ್ಕೆ ಮಣಿಯಲಿಲ್ಲ. ಹನ್ನೊಂದನೆಯದನ್ನು ಮಾದೇವನ ಹೆಂಡತಿ ಮನೆ ಮುಂದೆ ಬಿತ್ತೋಣ ಎಂದಳು, ನಿನ್ನ ನೆನಪಿಗೆ. ಬೇಡ ಎಂದೆ. ಅದು ನೆನಪಿನ ಬೀಜವಲ್ಲ, ಸಿಗದ ಗುಂಡು. ಅದು ನನ್ನ ಮೇಜಿನ ಮೇಲಿದೆ. ಎರಡನೆಯ ಹುಡುಕಾಟದಲ್ಲಿ ಬೆಟ್ಟದ ಎಷ್ಟು ಭಾಗ ನೋಡಿಯಾಯಿತು, ಎಷ್ಟು ಉಳಿಯಿತು, ಆ ನಕ್ಷೆಯ ಪ್ರತಿ ಕೊಡಿ ಎಂದು ಹೊಸ ಅರ್ಜಿ ಹಾಕಿದ್ದೇನೆ. ಒಂದೇ ಸಾಲು. ನಿನ್ನ ಹೆಬ್ಬೆಟ್ಟಿದ್ದ ಜಾಗದಲ್ಲಿ ನನ್ನ ಸಹಿ. ಇವತ್ತಿಗೆ ಹದಿನಾಲ್ಕು ದಿನ.

ಈಗ ಆಡುಗಳು ಬೆಟ್ಟದ ಈಚೆ ಮಗ್ಗುಲಿಗೆ, ಅವರು ಪೂರ್ತಿ ಹುಡುಕಿ ಬಿಳಿ ಕಲ್ಲು ನೆಟ್ಟಿರುವ ಗಡಿಯವರೆಗೆ ಮಾತ್ರ ಹೋಗುತ್ತವೆ. ನಿನ್ನೆ ಸಂಜೆ ಮಾದೇವನ ಫೋನು ಬಂತು. ಏನೂ ವಿಶೇಷವಿಲ್ಲ ಎಂದ. ಹಿಂದೆ ಆಡುಗಳ ಕೂಗು, ಅಗಳಿಯ ಸದ್ದು. ಇಡಬೇಕು ಎನ್ನುವಷ್ಟರಲ್ಲಿ, ಸ್ವಲ್ಪ ಸಂಕೋಚದಿಂದ ಹೇಳಿದ.

"ಹತ್ತೊಂಬತ್ತು ಓಗಿದ್ವು ಕಣಕ್ಕ. ಹತ್ತೊಂಬತ್ತೂ ಬಂದ್ವು."