ಒಲೆ ಕಡೆ, ಬೀದಿ ಕಡೆ

ಬೇಕರಿಯ ಹಿಂದಿನ ಕೋಣೆ,
ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಕಳೆದ ಭೇಟಿಯಲ್ಲಿ ಜಾಲರಿಯ ಆಚೆ ನೀನು ಗೋಡೆ ಹಿಡಿದುಕೊಂಡು ಎದ್ದದ್ದನ್ನು ಅಮ್ಮ ನೋಡಿಬಿಟ್ಟಳು. ವಾಪಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ರಾಗ. ಜೈಲಿನಲ್ಲಿ ಒಂದು ದಿಂಬಾದರೂ ಕೊಡಬಾರದೇ ಎಂದು ಕಂಡಕ್ಟರನನ್ನೂ ಕೇಳಿದಳು, ಅವನೇನು ಮಾಡಿಯಾನು ಪಾಪ. ಅಮ್ಮ ಚೆನ್ನಾಗಿದ್ದಾಳೆ, ಅಂದರೆ ಎಲ್ಲರನ್ನೂ ಬೈದುಕೊಂಡಿದ್ದಾಳೆ. ಹಿಟ್ಟು ನಾದುವ ಯಂತ್ರ ಕೈಕೊಟ್ಟಿತ್ತು. ರಿಪೇರಿಯವನು ನಾಳೆ ನಾಳೆ ಎನ್ನುತ್ತ ವಾರ ತಳ್ಳಿದ, ಅಲ್ಲಿಯವರೆಗೆ ನಾವಿಬ್ಬರೂ ಕೈಯಲ್ಲೇ ನಾದಿದೆವು. ಈಗ ನನ್ನ ತೋಳು ನಿನ್ನ ತೋಳಿಗಿಂತ ಗಟ್ಟಿ, ಬಂದ ಮೇಲೆ ಪಂಜ ಹಿಡಿದು ನೋಡುವೆಯಂತೆ. ಗಿರಾಕಿಗಳೇನೋ ಬರುತ್ತಾರೆ. ಕೆಲವರು ಬ್ರೆಡ್ಡಿಗೆ ಬರುತ್ತಾರೆ, ಕೆಲವರು ನೆಲದ ಮೇಲೆ ರಕ್ತದ ಕಲೆ ಉಳಿದಿದೆಯೇ ಎಂದು ನೋಡಲು ಬರುತ್ತಾರೆ. ಈ ಎರಡನೆಯವರಿಗೆ ನಾನು ನಿನ್ನೆಯ ಬನ್ನು ಕಟ್ಟಿಕೊಡುತ್ತೇನೆ.

“ಕೇಸಿನ ವಿಷ್ಯ ಒಂದ್ ಬಿಟ್ಟು ಏನ್ ಬೇಕಾದ್ರೂ ಬರಿ” ಎಂದಿದ್ದೆಯಲ್ಲ, ಸರಿ, ಚಿಕ್ಕಂದಿನಲ್ಲಿ ನಾವಿಬ್ಬರೂ ಟಿ.ವಿ.ಯಲ್ಲಿ ಆಡುತ್ತಿದ್ದ ಆ ವಿಡಿಯೋ ಆಟದ ವಿಷಯ ಬರೆಯುತ್ತೇನೆ. ಅದನ್ನು ಕೇಸಿಗೆ ಎಳೆದು ತಂದವಳು ನಾನಲ್ಲ, ಆ ಸರ್ಕಾರಿ ವಕೀಲ. ಪೊಲೀಸರು ನಿನ್ನ ಕೋಣೆ ಜಾಲಾಡಿದಾಗ ಗೋಡೆಯ ಮೇಲೆ ಆಟದ ಚಿತ್ರ ಸಿಕ್ಕಿದ್ದೇ ಅವನಿಗೆ ಸಾಕಾಯಿತು. ನನ್ನ ಗಂಡನನ್ನು ಇದೇ ಬೇಕರಿಯಲ್ಲಿ ಕೊಂದವನು ಚಿಕ್ಕಂದಿನಿಂದ ಹೆಣದ ಆಟ ಆಡಿ ಬೆಳೆದವನು, ಬಿದ್ದವನನ್ನು ಮತ್ತೆ ಹೊಡೆಯುವುದು ಅವನಿಗೆ ಅಲ್ಲಿಂದಲೇ ಬಂದ ಅಭ್ಯಾಸ, ಎಂದನಂತೆ. ಅಮ್ಮ ಕೋರ್ಟಿನ ಹೊರಗೆ ಅವನನ್ನು ಅಡ್ಡಗಟ್ಟಿ, “ಆ ಡಿಸ್ಕು ತಂದ್ಕೊಟ್ಟೋಳು ನಾನು, ನನ್ನೂ ಒಳಗ್ ಹಾಕ್ಸಿ” ಎಂದು ಕೇಳಿ ಬಂದಿದ್ದಾಳೆ. ನನಗಂತೂ ಮೈಯೆಲ್ಲ ಉರಿದುಹೋಯಿತು. ಆ ಪುಣ್ಯಾತ್ಮ ಒಂದು ದಿನವಾದರೂ ಆ ಆಟ ಆಡಿ ನೋಡಿದ್ದಾನೆಯೇ? ಅಟ್ಟದಿಂದ ಆಟದ ಯಂತ್ರ ಇಳಿಸಿ, ಧೂಳು ಕೊಡವಿ, ದಿನಾ ಮಧ್ಯಾಹ್ನ ಒಲೆ ಆರಿದ ಮೇಲೆ ಕುಳಿತು ಇಡೀ ಆಟ ಮತ್ತೆ ಆಡಿದೆ. ಈಗ ಅದರ ಒಳ್ಳೆಯದು ಕೆಟ್ಟದ್ದು ಎರಡನ್ನೂ ಹೇಳುತ್ತೇನೆ, ಕೇಳು.

ಭಯವೆಂದರೆ ಏನೆಂದು ಆ ಆಟ ಮಾಡಿದವರಿಗೆ ಗೊತ್ತಿತ್ತು, ಅದನ್ನು ಒಪ್ಪಲೇಬೇಕು. ಮುಚ್ಚಿಹೋದ ಗಣಿಯ ಆಸ್ಪತ್ರೆ, ಎದ್ದು ಓಡಾಡುವ ಹೆಣಗಳು, ನಾವು ಆಡಿಸುವ ಒಬ್ಬಳೇ ನರ್ಸಮ್ಮ, ಕೈಯಲ್ಲೊಂದು ಸುತ್ತಿಗೆ, ಪಿಸ್ತೂಲಿನಲ್ಲಿ ಬೆರಳೆಣಿಕೆಯ ಗುಂಡು. ಗುಂಡು ಕಡಿಮೆ ಇರುವುದೇ ಆ ಆಟದ ಜೀವಾಳ. ಕೆಳದವಡೆ ಕಿತ್ತುಹೋಗಿ ನಾಲಿಗೆ ಎದೆಯ ಮೇಲೆ ಜೋತಾಡುತ್ತಿರುವ ಗಣಿ ಕೆಲಸಗಾರ ಓಣಿಯಲ್ಲಿ ಎದುರಾದಾಗ, ಹೊಡೆಯಲೋ ಓಡಲೋ ಎಂದು ಈಗಲೂ ನಾನು ಗುಂಡು ಎಣಿಸಿ ನೋಡುತ್ತೇನೆ. ಸುತ್ತಿಗೆ ಬುರುಡೆಗೆ ಬಿದ್ದಾಗ ಹಸಿ ಸೌದೆ ಸೀಳಿದ ಸದ್ದು ಬರುತ್ತದೆ, ಮೊದಲ ಸಲ ಕೇಳಿ ನೀನು ವಾಂತಿ ಮಾಡಿಕೊಂಡಿದ್ದೆ, ಇದನ್ನು ಆ ವಕೀಲನಿಗೆ ಯಾರಾದರೂ ಹೇಳಬೇಕು. ಅದಕ್ಕಿಂತ ಹೆಚ್ಚಿನದು ಬಾಗಿಲುಗಳು. ಪ್ರತಿ ಬಾಗಿಲೂ ಕಪ್ಪು ಪರದೆಯ ಮೇಲೆ ಕಿರ್ರೆಂದು ನಿಧಾನಕ್ಕೆ ತೆರೆಯುತ್ತದೆ, ಒಳಗೆ ಏನಿದೆಯೋ ಕಾಣುವುದಿಲ್ಲ. ಆ ಕಾಯುವಿಕೆ ಎಂಥದ್ದೆಂದು ನನಗೆ ಮದುವೆಯಾದ ಮೇಲೆ ಪೂರ್ತಿ ಅರ್ಥವಾಯಿತು. ಅವನು ಹೊರಗೆ ಕೀಲಿ ತಿರುಗಿಸುವ ಸದ್ದಿನಲ್ಲೇ ಇವತ್ತು ಕೈಯೋ ಬೆಲ್ಟೋ ಎಂದು ನನಗೆ ತಿಳಿದುಬಿಡುತ್ತಿತ್ತು. ಆಟದಲ್ಲಿ ದೀಪ ಹಚ್ಚಿಟ್ಟ ಒಂದು ಕೋಣೆ ಬರುತ್ತದಲ್ಲ, ಯಾವ ಹೆಣವೂ ಒಳಗೆ ಕಾಲಿಡದ ಕೋಣೆ? ಅವನನ್ನು ಬಿಟ್ಟು ಬಂದಾಗ ಈ ಬೇಕರಿ ನನಗೆ ಹಾಗಿತ್ತು. ಇಲ್ಲಿ ಯಾರೂ ಬರುವುದಿಲ್ಲ ಎಂದು ನಾನು ನಂಬಿದ್ದೆ.

ಇನ್ನು ಕೆಟ್ಟದ್ದು, ಅದಕ್ಕೇನು ಕೊರತೆಯೇ! ಮೇಲಿನ ಗುಂಡಿ ಒತ್ತಿದರೆ ನರ್ಸಮ್ಮ ಮೇಲಕ್ಕೆ ಹೋಗುವುದಿಲ್ಲ, ಮೂತಿ ಎತ್ತ ಇದೆಯೋ ಅತ್ತ ಹೋಗುತ್ತಾಳೆ. ಗಲ್ಲಿಯಲ್ಲಿ ಲಾರಿ ತಿರುಗಿಸಿದಂತೆ ಅವಳನ್ನು ನಿಂತಲ್ಲೇ ತಿರುಗಿಸುವುದರೊಳಗೆ ಹಿಂದಿನಿಂದ ಬಂದವನು ಕುತ್ತಿಗೆಯ ನರ ಹಲ್ಲಿನಲ್ಲಿ ಎಳೆದಿರುತ್ತಾನೆ. ಮಾತುಗಳೋ, ದೇವರಿಗೇ ಪ್ರೀತಿ. ಜೊತೆಗಾರನ ಕರುಳು ನೆಲದ ಮೇಲೆ ಬಿದ್ದಿದ್ದರೆ ಇವಳು ಬ್ಯಾಂಕಿನಲ್ಲಿ ಟೋಕನ್ ನಂಬರು ಕೂಗುವ ದನಿಯಲ್ಲಿ “ಇದು ಬಹಳ ಬೇಸರದ ಸಂಗತಿ” ಎನ್ನುತ್ತಾಳೆ. ಕಕ್ಕಸಿನ ಬಾಗಿಲು ತೆರೆಯಲು ಕಲ್ಲಿನ ಗೂಬೆಯ ಕಣ್ಣು ಹುಡುಕಿ ತರಬೇಕಂತೆ! ಆ ಆಸ್ಪತ್ರೆಯವರು ಅವಸರವಾದಾಗ ಏನು ಮಾಡುತ್ತಿದ್ದರೋ. ಕೊನೆಕೊನೆಗೆ ನರ್ಸಮ್ಮನ ಕೈಗೆ ದೊಡ್ಡ ಬಂದೂಕು ಕೊಟ್ಟು ಕೈಕಾಲು ಹಾರಿಸುವುದೇ ಕೆಲಸವಾಗಿ, ಭಯ ಹೋಗಿ ಬರೀ ಗದ್ದಲ ಉಳಿಯುತ್ತದೆ. ಆದರೆ ಆ ವಕೀಲ ಹೇಳಿದ ದೋಷ ಮಾತ್ರ ಅದರಲ್ಲಿಲ್ಲ. ಬಿದ್ದವರ ಮೇಲೆ ನೀನು ಒಂದು ಏಟೂ ದಂಡ ಮಾಡಿದವನಲ್ಲ. “ಓಡು ಓಡು, ಅವ್ನು ಏಳೋದ್ರೊಳಗೆ ಬಾಗ್ಲು ದಾಟು” ಎನ್ನುವುದೇ ನಿನ್ನ ಮಂತ್ರವಾಗಿತ್ತು.

ಎಲ್ಲಕ್ಕಿಂತ ದೊಡ್ಡ ದೋಷ ಆಟವನ್ನು ನಮಗೆ ತೋರಿಸುವ ಆ ಕ್ಯಾಮೆರಾ. ಸೂರಿನ ಮೂಲೆಯಲ್ಲಿ ಹಲ್ಲಿಯ ಹಾಗೆ ಅಂಟಿಕೊಂಡು ಕುಳಿತಿರುತ್ತದೆ, ಜಪ್ಪಯ್ಯ ಅಂದರೂ ಅಲುಗಾಡುವುದಿಲ್ಲ. ನರ್ಸಮ್ಮನ ಮೂಗಿನ ಮುಂದೆಯೇ ಇರುವ ಹೆಣ ಅವಳಿಗೆ ಕಾಣುತ್ತದೆ, ನೋಡುತ್ತಿರುವ ನಮಗೆ ಕಾಣುವುದಿಲ್ಲ. ನೆನಪಿದೆಯೇ, ನಾನು “ಎಡಕ್ಕೆ” ಎಂದು ಕೂಗಿದರೆ ನೀನು ಅವಳ ಎಡಕ್ಕೆ ತಿರುಗಿಸಿ ಸಾಯಿಸಿಬಿಡುತ್ತಿದ್ದೆ. ಯಾರ ಎಡ ಎಂದು ಜಡೆ ಹಿಡಿದು ಜಗಳವಾದ ಮೇಲೆ ನಾವು ಎಡ ಬಲವನ್ನೇ ಬಿಟ್ಟೆವು. ಈ ಕೋಣೆಯಲ್ಲಿ ಟಿ.ವಿ.ಯ ಒಂದು ಪಕ್ಕಕ್ಕೆ ಒಲೆಯ ಗೋಡೆ, ಇನ್ನೊಂದು ಪಕ್ಕಕ್ಕೆ ಬೀದಿಯ ಕಿಟಕಿ. ನಾನು “ಒಲೆ ಕಡೆ” ಎಂದರೆ ನೀನು ಯೋಚಿಸದೆ ಒಲೆ ಕಡೆ ಹೊಡೆಯಬೇಕು, “ಬೀದಿ ಕಡೆ” ಎಂದರೆ ಬೀದಿ ಕಡೆ. ಅಲ್ಲಿಂದ ಮುಂದೆ ನರ್ಸಮ್ಮ ಸತ್ತದ್ದು ಕಡಿಮೆ.

ನಮ್ಮ ಅಂಗಡಿಯ ಕ್ಯಾಮೆರಾ ಕೂಡ ಅಂಥದ್ದೇ ಮೂಲೆಯ ಹಲ್ಲಿ. ಅದಕ್ಕೆ ಗಲ್ಲಾ ಕಾಣುತ್ತದೆ, ಷಟರು ಕಾಣುತ್ತದೆ. ಬ್ರೆಡ್ಡಿನ ಎತ್ತರದ ಸ್ಟ್ಯಾಂಡಿನ ಹಿಂದೆ, ಒಲೆಯ ಬಾಯಿಯ ಹತ್ತಿರ ಏನಿದೆ ಎಂದು ಕಾಣುವುದಿಲ್ಲ. ಕಿವಿಯಂತೂ ಇಲ್ಲವೇ ಇಲ್ಲ. ಕೋರ್ಟಿನಲ್ಲಿ ಅದರ ಚಿತ್ರ ತೋರಿಸಿದರಂತೆ. ನನ್ನ ಗಂಡ ಅರ್ಧ ಇಳಿದ ಷಟರಿನಡಿ ಬಗ್ಗಿ ಬರುತ್ತಾನೆ, ಸ್ಟ್ಯಾಂಡಿನ ಹಿಂದೆ ಹೋಗುತ್ತಾನೆ. ನೀನು ಟ್ರೇ ಎಳೆಯುವ ಕಬ್ಬಿಣದ ಕೊಕ್ಕೆ ಹಿಡಿದು ಬರುತ್ತೀಯ, ಬೀಸುತ್ತೀಯ, ಅವನು ಬೀಳುತ್ತಾನೆ, ಕಾಲಷ್ಟೇ ಕಾಣುತ್ತದೆ. ನೀನು ಜನರನ್ನು ಕರೆಯಲು ಷಟರಿನ ಕಡೆ ಹೊರಡುತ್ತೀಯ. ತಟ್ಟನೆ ನಿಂತು, ತಿರುಗಿ ಬಂದು, ಬಿದ್ದವನ ಮೇಲೆ ಮತ್ತೊಂದು ಏಟು ಹಾಕುತ್ತೀಯ. ಇದನ್ನು ನೋಡಿದ ಯಾರಾದರೂ ಕೊಲೆಗಾರ ಎಂದೇ ಅನ್ನುತ್ತಾರೆ, ಅವರದ್ದೂ ತಪ್ಪಲ್ಲ.

ಕ್ಯಾಮೆರಾಕ್ಕೆ ಕಾಣದ ಜಾಗದಲ್ಲಿ ನಾನಿದ್ದೆ. ಹಿಂದಿನ ಬಾಗಿಲಿನಿಂದ ಬಂದು ಒಲೆಯ ಬೂದಿ ತೆಗೆಯುತ್ತಿದ್ದೆ. “ಮನೆಗ್ ನಡಿ” ಎಂದ. ಬರೋದಿಲ್ಲ ಎಂದೆ. ಕೂದಲು ಹಿಡಿದು ನನ್ನ ಮುಖವನ್ನು ಒಲೆಯ ಕಬ್ಬಿಣದ ಬಾಗಿಲಿಗೆ ಬಡಿದ, ಹಲ್ಲು ಮುರಿದು ನಾಲಿಗೆಯ ಮೇಲೆ ಬಿತ್ತು. ನಿನ್ನ ಮೊದಲ ಏಟಿಗೆ ಅವನ ಭುಜ ಮುರಿಯಿತು, ಇನ್ನೊಂದು ಕೈ ಮುರಿದಿರಲಿಲ್ಲ. ನೀನು ಬೆನ್ನು ತಿರುಗಿಸಿದ್ದೇ ತಡ, ಬಿದ್ದಲ್ಲಿಂದಲೇ ಬ್ರೆಡ್ ಕೊಯ್ಯುವ ಚಾಕು ಎತ್ತಿ ನನ್ನ ಮೀನಖಂಡಕ್ಕೆ ಇರಿದು ಎಳೆದ. ಬನ್ನು ಸೀಳಿದ ಹಾಗೆ ಮಾಂಸ ಬಾಯಿ ಬಿಟ್ಟಿತು. ಮತ್ತೆ ಹೊಟ್ಟೆಯ ಕಡೆಗೆ ಎತ್ತಿದ. ನನ್ನ ಬಾಯಲ್ಲಿ ತುಂಬ ರಕ್ತವಿತ್ತು, ಅದರಲ್ಲಿ ಹೊರಟದ್ದು ಒಂದೇ ಮಾತು, “ಒಲೆ ಕಡೆ!” ನೀನು ನೋಡಲಿಲ್ಲ, ಕೇಳಲಿಲ್ಲ, ಹೊಡೆದೆ. ಕೊಕ್ಕೆ ಅವನ ಕಿವಿಯ ಮೇಲೆ ಇಳಿಯಿತು. ನೆಲದ ಹಿಟ್ಟಿನಲ್ಲಿ ಅವನ ರಕ್ತ ನನ್ನ ರಕ್ತ ಸೇರಿ ಉಂಡೆಗಟ್ಟಿತು. ಅಣ್ಣಾ, ಅವನು ಸತ್ತದ್ದಕ್ಕೆ ನನಗೆ ದುಃಖವಿಲ್ಲ. ದುಃಖವಿರುವುದು ನೀನು ಒಳಗಿರುವುದಕ್ಕೆ.

ಪೊಲೀಸರು ಬರುವ ಮೊದಲೇ ನೀನು ನನ್ನನ್ನು ಎತ್ತಿಕೊಂಡು ಮಹಡಿಗೆ ಹಾಕಿ, “ನೀನ್ ಇಲ್ಲಿ ಇರ್ಲೇ ಇಲ್ಲ, ತಿಳೀತಾ” ಎಂದೆ. ಅವರ ಕಡೆಯ ವಕೀಲರು ನನ್ನ ಸಂಸಾರವನ್ನು ತುಂಬಿದ ಕೋರ್ಟಿನಲ್ಲಿ ಬಿಚ್ಚಿ ನೋಡುತ್ತಾರೆ, ಅದನ್ನು ನೋಡುವುದಕ್ಕಿಂತ ಜೈಲೇ ವಾಸಿ ಎಂದವನೂ ನೀನೇ. ನಿನ್ನ ಮಾತಿಗೆ ಕಟ್ಟುಬಿದ್ದು ಹೊಲಿಗೆ ಹಾಕಿದ ಡಾಕ್ಟರಿಗೆ ನಾನು ಮೆಟ್ಟಿಲಿನಿಂದ ಬಿದ್ದೆ ಎಂದೆ. ಆ ಸುಳ್ಳು ನನ್ನ ಬಾಯಿಗೆ ಹೊಸದೇನಲ್ಲ, ಅವನ ಮನೆಯಲ್ಲಿ ತಿಂಗಳಿಗೊಮ್ಮೆ ಹೇಳುತ್ತಿದ್ದೆ. ಅವನ ಮೈಮೇಲಿನ ಏಟಿಗೆ ಸಾಕ್ಷಿ ಇದೆ, ನನ್ನ ಮೈಮೇಲಿನದಕ್ಕೆ ಇರಬಾರದು, ಇದು ಯಾವ ಊರಿನ ನ್ಯಾಯ ಹೇಳು. ನನ್ನ ಮೇಲಿನ ಪ್ರೀತಿಗೇ ಹೀಗೆ ಮಾಡಿದ್ದೀಯ, ಗೊತ್ತು. ಆದರೂ ನಿನ್ನ ಮೇಲೆ ಕೆಂಡದಂಥ ಕೋಪ ಬರುತ್ತದೆ.

ಸಾಕು, ಸಂಜೆಯ ಬ್ರೆಡ್ಡಿಗೆ ಒಲೆ ಹಚ್ಚಬೇಕು. ಭಾರ ಎತ್ತುವ ಕೆಲಸ ಕೊಟ್ಟರೆ ಸೊಂಟ ನೋವೆಂದು ಬಾಯಿಬಿಟ್ಟು ಹೇಳು, ನಿನ್ನ ಸಂಕೋಚಕ್ಕಿಷ್ಟು. ಅಮ್ಮ ನಿನ್ನ ತಲೆ ಸವರಿ ಆಶೀರ್ವಾದ ಹೇಳಲು ಹೇಳಿದ್ದಾಳೆ, ಸವರಿದ ಹಾಗೆ ಅಂದುಕೋ. ನನ್ನ ನಮಸ್ಕಾರ.

ಇಂತಿ ನಿನ್ನ ತಂಗಿ,
ಮೆಣಸಿನಕಾಯಿ

ಮರೆತ ಮಾತು: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಗೀಚಿ ಮುಗಿಸುತ್ತೇನೆ. ಬೆಳಿಗ್ಗೆ ನಿನ್ನ ಲಾಯರಮ್ಮನ ಆಫೀಸಿಗೆ ಹೋಗಿ, ನಾನು ಅಲ್ಲೇ ಇದ್ದೆ ಎಂದು ಹೇಳಿಕೆ ಕೊಟ್ಟು ಸಹಿ ಹಾಕಿ ಬಂದೆ. ಕಾಲಿನ ಗಾಯ ತೋರಿಸಿದೆ, ಡಾಕ್ಟರೂ ಬರಲು ಒಪ್ಪಿದ್ದಾರೆ. ಸೋಮವಾರ ಕಟಕಟೆ ಹತ್ತುತ್ತೇನೆ. ಅವರು ಏನು ಬೇಕಾದರೂ ಕೇಳಲಿ, ನಾಚಿಕೆ ಪಡಬೇಕಾದವನು ಸತ್ತಿದ್ದಾನೆ. ನೀನು ಬೈಯುವುದಿದ್ದರೆ ಬೈದುಕೋ, ನಾನು ಕೇಳುವವಳಲ್ಲ. ಇನ್ನೂ ಒಂದು ಹೇಳಿದೆ. ನೀನು ತಿರುಗಿ ಬರದೇ ಇದ್ದಿದ್ದರೆ ಆ ಚಾಕು ಕಿತ್ತುಕೊಂಡು ನಾನೇ ಅವನ ಕುತ್ತಿಗೆಗೆ ಹಾಕುತ್ತಿದ್ದೆ, ಒಂದಲ್ಲ, ಕೈ ಸೋಲುವವರೆಗೆ ಹಾಕುತ್ತಿದ್ದೆ ಎಂದೆ. ಲಾಯರಮ್ಮ ಪೆನ್ನಿಗೆ ಮುಚ್ಚಳ ಹಾಕಿದರು. ಅದೊಂದನ್ನು ಮಾತ್ರ ಬರೆದುಕೊಳ್ಳಲಿಲ್ಲ.