ಹಾಡಲು ಬಾರದ ಮಾಸ್ತರ

ಜೇವರ್ಗಿ
೧೭ ನವೆಂಬರ್ ೧೯೪೭

ಅಕ್ಕ,

ಇಲ್ಲಿ ನನಗೆ ಯಾರೂ ಇಲ್ಲವೆಂದು ಗೋಳಾಡಿ ಕಳಿಸಿದ ವರ್ಗಾವಣೆ ಅರ್ಜಿಯನ್ನು ಭಾವನವರು ಇನ್ನೂ ಮಿಷನ್ ಆಫೀಸಿಗೆ ಕೊಟ್ಟಿರದಿದ್ದರೆ ಹರಿದುಹಾಕಲಿ.

ನಮ್ಮ ಕಾಲೇಜಿನ ಮೇಳದಲ್ಲಿ ಒಂದೇ ಹಾಡನ್ನು ಕೆಲವರು ಮೇಲಿನ ಸ್ವರದಲ್ಲಿ, ಕೆಲವರು ಕೆಳಗಿನ ಸ್ವರದಲ್ಲಿ ಒಟ್ಟಿಗೆ ಹಾಡುತ್ತಿದ್ದೆವಲ್ಲ. ಈ ಊರ ಚರ್ಚಿನಲ್ಲಿ ಎಲ್ಲರದೂ ಒಂದೇ ದನಿ. ನಾನೊಬ್ಬನೇ ಗತ್ತಿನಿಂದ ಕೆಳಸ್ವರ ಹಿಡಿದೆ. ಹೊಸ ಮಾಸ್ತರನಿಗೆ ಪಾಪ ರಾಗ ಹತ್ತುವುದಿಲ್ಲವೆಂದು ಸಭೆಯೇ ಮರುಗಿತು. ನನಗೆ ತಾಳವೂ ಇಲ್ಲವೆಂದು ತಾಳ್ಮೆ ತಂದುಕೊಂಡು ಅದೇ ಚರಣವನ್ನು ಮೂರು ಸಲ ಹಾಡಿದರು. ನಿಂಬೆವ್ವ ಎಂಬ ಮುದುಕಿ ಹೆಂಗಸರ ಸಾಲಿನಿಂದ ಎದ್ದು ಬಂದು ನನ್ನ ಮೊಣಕೈ ಹಿಡಿದಳು.

"ಕೆಳಗ ಯಾಕ ಜಾರಾಕತ್ತೀರಿ ಮಾಸ್ತರ? ನನ್ನ ದನಿ ಹಿಡಕೊಂಡು ಮ್ಯಾಲ ಬರ್ರಿ."

"ಬಿಡಬೇ ಯವ್ವಾ," ಎಂದ ಹಿಂದೆ ಕುಳಿತಿದ್ದ ದೇವೀಂದ್ರಪ್ಪ, "ಸಾಲಿ ಕಲಿಸೋರಿಗೆ ಹಾಡಾಕೂ ಬರಬೇಕಂತ ಎಲ್ಲಿ ಅದ? ಕಲಿಸಾಕ ನಾವು ಅದೀವಲ್ಲ."

ಅಂದಿನಿಂದ ಪಾಳಿಯ ಮೇಲೆ ಇಬ್ಬರು ನನ್ನ ಎಡಬಲಕ್ಕೆ ಕೂತು ಹಾಡಿಸುತ್ತಾರೆ. ಆಮೇಲೆ ರೊಟ್ಟಿ, ಪುಂಡಿಪಲ್ಯಕ್ಕೆ ಮನೆಗೂ ಎಳೆದೊಯ್ಯುತ್ತಾರೆ. ಬಂದ ಹೊಸದರಲ್ಲಿ ಹಿಡಿದಿದ್ದ ಜ್ವರ ಪೂರ್ತಿ ಬಿಟ್ಟಿದೆ. ತಿಂದು ತಿಂದು ಅಂಗಿಯ ಗುಂಡಿಗಳೂ ಬಿಡುವ ಹಂತದಲ್ಲಿವೆ.

ಕಾರ್ಡು ತುಂಬಿತು. ಕ್ರಿಸ್‌ಮಸ್‌ಗೆ ಬಾ. ಬಂದಾಗ ನಾನು ಬಹುಮಾನ ಗೆದ್ದ ಹಾಡುಗಾರನೆಂದು ಮಾತ್ರ ಯಾರ ಮುಂದೆಯೂ ಬಾಯಿಬಿಡಬೇಡ.

ನಿನ್ನ ತಮ್ಮ,
ದೇವಪ್ರಿಯ